ಗಾಜಿನ ಲೋಟ

ಅಡುಗೆಮನೆಯಿಂದ ಒಂದು ಗಾಜಿನ ಲೋಟ ತಂದು
ಮಗುವಿನ ತೊಡೆಗೆ ಒತ್ತಿ ನೋಡಿ,
ಎಂದಿತು ಫೋನಿನಾಚೆಯ ದನಿ.
ಒತ್ತಿದೆ.
ಕೆಂಪು ಚುಕ್ಕೆಗಳು ಮಾಸಲಿಲ್ಲ.
ಇನ್ನೊಮ್ಮೆ, ಎಂದಿತು.
ಮಾಸುತ್ತಿಲ್ಲ ಅಂದೆ.
ಅಷ್ಟೇ ನನ್ನಿಂದ ಹೇಳಲಾದದ್ದು.

ಬಾರಾ ದ್ವೀಪ, ಮಾರ್ಚ್ ತಿಂಗಳು, ರಾತ್ರಿ ಎರಡು ಗಂಟೆ.
ನಮ್ಮಲ್ಲಿ ವಿಮಾನ ಇಳಿಯುವುದು ಕಡಲ ಮರಳಿನ ಮೇಲೆ,
ನೀರು ಹಿಂದೆ ಸರಿದಾಗ ಮಾತ್ರ.
ಉಬ್ಬರದ ಹೊತ್ತಿನಲ್ಲಿ ಆ ದಾರಿ ಮೀನುಗಳದ್ದು.
ಅವತ್ತು ಉಬ್ಬರ.
ಗಂಡ ಎಲ್ಲೋ ಉತ್ತರದ ಕಡಲಲ್ಲಿ ಬಲೆ ಎಳೆಯುತ್ತಿದ್ದ.
ಲಾಕ್ಲನ್‌ಗೆ ನಾಲ್ಕು ವರ್ಷ. ಮೈ ಕಾದ ಹಂಚು,
ಕತ್ತು ಮಾತ್ರ ಬಾಗಲೊಲ್ಲದು.

ಪಕ್ಕದ ಮನೆಯ ಪೆಗ್ಗಿ
ಮಲಗುವ ಅಂಗಿಯ ಮೇಲೇ ಗಂಬೂಟು ಏರಿಸಿ ಓಡಿಬಂದಳು.
ಡಾಕ್ಟರು ಬಂದರು, ಸ್ವೆಟರು ತಿರುವುಮುರುವು,
ಸೂಜಿ ಹಿಡಿದ ಕೈ ಮಾತ್ರ ನಡುಗಲಿಲ್ಲ.
ಆಮೇಲೆ ಮೋಡದೊಳಗಿಂದ
ಗಡಗಡ ಸದ್ದು, ಬೆಳಕಿನದೊಂದು ಕೋಲು,
ಕೆಳಗೆ ಕುರಿಗಳೆಲ್ಲ ದಿಕ್ಕಾಪಾಲು.

ಹೆಲ್ಮೆಟ್ಟು ತೊಟ್ಟ ಹುಡುಗನೊಬ್ಬ
ಗ್ಲಾಸ್ಗೋ ಬರುವ ತನಕ ನನ್ನ ಮಗನ ಬೆರಳು ಬಿಡಲಿಲ್ಲ.
ಅವನ ಹೆಸರು ಕೇಳಲಿಲ್ಲ ನಾನು.
ಹೇಳಿದ್ದರೂ ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕೇಳಿದ್ದು ಮೂರೇ ಪ್ರಶ್ನೆ:
ಹೆಸರು. ಹುಟ್ಟಿದ ದಿನ. ಯಾವ ಔಷಧಿ ಒಗ್ಗುವುದಿಲ್ಲ.
ನಾಲ್ಕನೆಯದೊಂದು ಇರಬಹುದೆಂಬ ಯೋಚನೆಯೇ
ನನಗೆ ಅವತ್ತು ಬರಲಿಲ್ಲ.
ಈಗ ಬರುತ್ತದೆ, ಪಾತ್ರೆ ತೊಳೆಯುವಾಗ,
ಎದೆ ಧಸಕ್ಕೆನ್ನುತ್ತದೆ.

ಎಫೀ ಅಜ್ಜಿ ಹುಟ್ಟಿದ್ದು ಇದೇ ಗ್ಲಾಸ್ಗೋದಲ್ಲಿ,
ನಾಲ್ಕು ಸಂಸಾರಕ್ಕೆ ಒಂದೇ ನಲ್ಲಿಯಿದ್ದ ಕಟ್ಟಡದಲ್ಲಿ, ಯುದ್ಧಕ್ಕೂ ಮೊದಲು.
ಅವಳಿಗೂ ಅಣ್ಣನಿಗೂ ಒಟ್ಟಿಗೇ ಜ್ವರ.
ಚಹಾದ ಡಬ್ಬಿಯಲ್ಲಿದ್ದದ್ದು ಒಬ್ಬರಿಗಾಗುವಷ್ಟು ನಾಣ್ಯ.
ತಾಯಿ ಹೇಗೆ ಆರಿಸಿದಳೋ,
ಅಜ್ಜಿ ಹೇಳಲಿಲ್ಲ, ನಾವು ಕೇಳಲಿಲ್ಲ.
ತೊಂಬತ್ತೊಂದು ವರ್ಷ ಬದುಕಿದಳು ಆಕೆ,
ಅಣ್ಣನ ಹೆಸರು ಬಂದಾಗೆಲ್ಲ
ಸಾಲಗಾರಳ ಹಾಗೆ ದನಿ ತಗ್ಗಿಸಿ.

ಆರು ರಾತ್ರಿ ಯಂತ್ರಗಳ ಹಸಿರು ಗೆರೆ ನೋಡಿದೆ.
ಏಳನೆಯ ಬೆಳಿಗ್ಗೆ ಅವನು ಕಣ್ಣು ಬಿಟ್ಟು
ಸುಟ್ಟ ಬ್ರೆಡ್ಡು ಬೇಕು ಅಂದ, ಅಂಚು ಕತ್ತರಿಸಿ.
ನರ್ಸು ಮೋರ್ವೆನ್ ಅತ್ತು, ಮೂಗೊರೆಸಿ, ಅಂಚು ಕತ್ತರಿಸಿದಳು.
ಎಡಗಾಲಿನ ಎರಡು ಬೆರಳ ತುದಿ
ಅಲ್ಲೇ ಬಿಟ್ಟುಬಂದೆವು.
ಉಳಿದ ಮಗನೆಲ್ಲ ನಮ್ಮ ಜೊತೆ ಬಂದ.

ಹೊರಡುವ ದಿನ ಗಂಡ ಒಂದು ಪೆಟ್ಟಿಗೆ ಏಡಿ ತಂದಿದ್ದ.
ಉಡುಗೊರೆ ತಗೊಳ್ಳುವಂತಿಲ್ಲ, ನಿಯಮ, ಅಂದಳು ಮೋರ್ವೆನ್.
ಅಷ್ಟರಲ್ಲಿ ಒಂದು ಏಡಿ ತಾನಾಗಿ
ಲಿಫ್ಟಿನೊಳಗೆ ನಡೆದಿತ್ತು.

ನಾನು ಸೀಗಡಿ ಸುಲಿಯುವ ಕಾರ್ಖಾನೆಯವಳು.
ಸಂಬಳದ ಚೀಟಿಯಲ್ಲಿ ಕಡಿತದ ಸಾಲೊಂದಿರುತ್ತದೆ,
ಕಂಡಾಗೆಲ್ಲ ಬೈದಿದ್ದೇನೆ.
ಈಗಲೂ ಕೆಲವು ಶುಕ್ರವಾರ ಬೈಯುತ್ತೇನೆ, ಸುಳ್ಳೇಕೆ.
ಆದರೆ ಆ ಸಾಲಿನಲ್ಲೇ ಇದ್ದಾರೆ ಎಲ್ಲರೂ:
ಅಬರ್ಡೀನಿನ ಬಸ್ ಡ್ರೈವರು, ಕ್ಷೌರದಂಗಡಿಯವನು,
ನನ್ನ ಮುಖ ಕಂಡರಾಗದ ಪೆಗ್ಗಿಯ ತಂಗಿ ಕೂಡ.
ಹನಿಗೂಡಿ ಹಳ್ಳ.
ಆ ಹಳ್ಳದಲ್ಲಿ ನನ್ನ ಮಗ
ಮುಳುಗಲಿಲ್ಲ, ತೇಲಿದ.

ಸಾಲವಾಗಿದ್ದರೆ ಕಂತು ಕಟ್ಟಿ ಮರೆಯಬಹುದಿತ್ತು.
ಇದು ಋಣ.
ಯಾರ ಬಾಗಿಲು ತಟ್ಟಲಿ, ಐವತ್ತು ಲಕ್ಷ ಬಾಗಿಲು.

ಅದೇ ಲೋಟದಲ್ಲಿ ಅವನು ಹಾಲು ಕುಡಿಯುತ್ತಾನೆ,
ಬಿಳಿ ಮೀಸೆ ಹೊತ್ತು ಅಂಗಳಕ್ಕೆ ಕುಂಟುತ್ತ ಓಡುತ್ತಾನೆ.
ತೊಳೆದು, ಒರೆಸಿ,
ಯಾರೂ ಇಲ್ಲದಾಗ
ನನ್ನ ಮುಂಗೈಗೆ ಒತ್ತಿ ನೋಡುತ್ತೇನೆ.
ಚರ್ಮ ಬಿಳಿಚುತ್ತದೆ.
ಲೋಟ ಎತ್ತಿದರೆ
ಮೆಲ್ಲಗೆ ಮತ್ತೆ ಕೆಂಪಾಗುತ್ತದೆ.